ಮಣ್ಣಿಗೊಂದು ಹೊದಿಕೆ
(ಚಳಿಗಾಲದಲ್ಲಿ ತೋಟ, ಹಿತ್ತಲು ಹಾಗೂ ಹುಲ್ಲುಹಾಸುಗಳ ಆರೈಕೆಯನ್ನು ಕುರಿತ ಉಪನ್ಯಾಸದ ಬರಹರೂಪ)



ತೋಟಗಾರಿಕೆಯನ್ನು ಕುರಿತ ಜನಪ್ರಿಯ ಪುಸ್ತಕಗಳಲ್ಲಿ ‘ಶರತ್ಕಾಲದ ಕೆಲಸಗಳು’ ಎಂಬ ಅಧ್ಯಾಯವೊಂದು ತಪ್ಪದೆ ಇರುತ್ತದೆ. ಅಕ್ಟೋಬರಿನಲ್ಲಿ ಉದುರಿದ ಎಲೆಗಳನ್ನು ಗುಡಿಸಬೇಕು, ಹುಲ್ಲುಹಾಸನ್ನು ಕೊನೆಯ ಬಾರಿಗೆ ಕತ್ತರಿಸಬೇಕು, ಹಿಮ ಬೀಳುವ ಮೊದಲು ಗಿಡಗಳ ಬುಡವನ್ನು ಮುಚ್ಚಬೇಕು ಎಂದು ಅದು ಹೇಳುತ್ತದೆ. ಬರೆದವರ ನಾಡಿಗೆ ಅದು ಸರಿಯಾದ ಮಾತೇ. ಇಂಗ್ಲೆಂಡಿನಲ್ಲಿ, ಅಮೆರಿಕದ ಉತ್ತರ ಭಾಗದಲ್ಲಿ ಎಲೆ ಉದುರುವುದು ಆ ತಿಂಗಳಲ್ಲಿಯೇ. ಆದರೆ ಕನ್ನಡ ನಾಡಿನಲ್ಲಿ ಶರದೃತುವೆಂದರೆ ಆಶ್ವೀಜ, ಕಾರ್ತಿಕ. ಮಳೆಯ ನೀರನ್ನು ಕುಡಿದು ನೆಲ ಇನ್ನೂ ತಂಪಾಗಿರುವ ಕಾಲ. ಇಲ್ಲಿ ಎಲೆ ಉದುರುವುದು ಶಿಶಿರದಲ್ಲಿ, ಮಾಘ ಫಾಲ್ಗುಣಗಳಲ್ಲಿ. ಬೇವಿನ ಮರ ಬೋಳಾಗುವುದು ಯುಗಾದಿಗೆ ತುಸು ಮುಂಚೆ. ಅನುವಾದಕರು ಋತುವಿನ ಹೆಸರನ್ನು ಕನ್ನಡಕ್ಕೆ ತಂದರು. ಋತುವನ್ನು ಮಾತ್ರ ತರಲಾಗಲಿಲ್ಲ.

ಹಾಗಾದರೆ ಇಲ್ಲಿಯ ಚಳಿಗಾಲದಲ್ಲಿ ತೋಟಕ್ಕೆ ಬೇಕಾದ ಆರೈಕೆ ಯಾವುದು? ಅದನ್ನು ಅರಿಯಲು ಮಲೆನಾಡಿಗಿಂತ ಬಹಳ ದೂರದ, ಬೆಟ್ಟವೂ ಕಾಡೂ ಇಲ್ಲದ ಒಂದು ಊರನ್ನು ನೋಡುವುದು ಒಳಿತು. ಸೊಪ್ಪು ಸದೆ, ನೀರು, ನೆರಳು ಯಾವುದೂ ಧಾರಾಳವಾಗಿ ಸಿಗದ ಕಡೆಯಲ್ಲಿ ಮಣ್ಣನ್ನು ಕಾಪಾಡುವ ವಿದ್ಯೆ ಹೆಚ್ಚು ನಿಚ್ಚಳವಾಗಿ ಕಾಣುತ್ತದೆ.

ಕಲಬುರಗಿಯಿಂದ ಅಫಜಲಪುರಕ್ಕೆ ಹೋಗುವ ದಾರಿಯಲ್ಲಿ ಚೌಡಾಪುರ ಸಿಗುತ್ತದೆ. ಭೀಮಾ ಮತ್ತು ಅಮರ್ಜಾ ನದಿಗಳು ಕೂಡುವ ಗಾಣಗಾಪುರಕ್ಕೆ ದತ್ತಾತ್ರೇಯನ ದರ್ಶನಕ್ಕೆಂದು ಹೋಗುವವರು ಇಲ್ಲಿ ಮುಖ್ಯರಸ್ತೆಯನ್ನು ಬಿಟ್ಟು ತಿರುಗುತ್ತಾರೆ. ಬಸ್ಸಿನ ಕಿಟಕಿಯಿಂದ ನೋಡುವವರಿಗೆ ಕಾಣುವುದು ಇಷ್ಟೇ: ಕಣ್ಣು ಹಾಯುವವರೆಗೂ ಕರಿಯ ಎರೆಭೂಮಿ, ತೊಗರಿ, ಜೋಳ, ಕಡಲೆ, ನದಿ ಕಾಲುವೆಗಳ ನೀರು ಸಿಗುವಲ್ಲಿ ಕಬ್ಬು, ಹೊಲದ ಬದುವಿನಲ್ಲಿ ಅಲ್ಲೊಂದು ಇಲ್ಲೊಂದು ಬೇವು, ಜಾಲಿ. ಈ ಸೀಮೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 750 ಮಿ.ಮೀ. ಆಗುಂಬೆಯಲ್ಲಿ ಅದು 7,000 ಮಿ.ಮೀ. ಮೀರುತ್ತದೆ. ಆಗುಂಬೆಯಲ್ಲಿ ಆಷಾಢದ ಕೆಲವೇ ದಿನಗಳಲ್ಲಿ ಸುರಿಯುವಷ್ಟು ನೀರಿನಲ್ಲಿ ಚೌಡಾಪುರದ ರೈತ ಒಂದು ವರ್ಷದ ಬದುಕನ್ನು ಸಾಗಿಸಬೇಕು.

ಆದರೂ ಅಲ್ಲಿ ಚಳಿಗಾಲವೇ ಬೆಳೆಯ ಕಾಲ. ಮುಂಗಾರಿನಲ್ಲಿ ತೊಗರಿ, ಹೆಸರು, ಉದ್ದುಗಳನ್ನು ಬಿತ್ತುತ್ತಾರೆ. ಜೋಳಕ್ಕೆಂದು ಮೀಸಲಿಟ್ಟ ಹೊಲವನ್ನು ಮಳೆಗಾಲವಿಡೀ ಖಾಲಿ ಬಿಟ್ಟು, ಬಿದ್ದ ನೀರನ್ನೆಲ್ಲ ಕುಡಿಸುತ್ತಾರೆ. ಉತ್ತರೆ, ಹಸ್ತ ಮಳೆಗಳ ಹದದಲ್ಲಿ, ಅಂದರೆ ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್ ನಡುವಿನವರೆಗೆ, ಹಿಂಗಾರಿ ಬಿತ್ತನೆ. ಆಮೇಲೆ ಆಕಾಶದಿಂದ ಹೆಚ್ಚೇನೂ ಬೀಳುವುದಿಲ್ಲ. ಬಿಳಿಜೋಳ ಸುಮಾರು 4 ತಿಂಗಳು ನಿಂತು ತೆನೆ ಕಟ್ಟುವುದು ನೆಲದೊಳಗೆ ಉಳಿದ ತೇವದಿಂದ, ಮತ್ತೆ ಇಬ್ಬನಿಯ ತಂಪಿನಿಂದ. ಆಳವಾದ ಎರೆಮಣ್ಣು ಒಂದು ಮೀಟರ್ ಆಳದಲ್ಲಿ ಬೆಳೆಗೆ ದಕ್ಕುವಂಥ ಸುಮಾರು 200 ಮಿ.ಮೀ. ನೀರನ್ನು ಹಿಡಿದಿಟ್ಟುಕೊಳ್ಳಬಲ್ಲದು. ಕೆರೆಯಿಲ್ಲದ ಊರಿಗೆ ಹೊಲವೇ ಕೆರೆ. ಆ ಕೆರೆಯ ನೀರು ಕಾಣುವುದಿಲ್ಲ, ಕದಡುವುದಿಲ್ಲ. ಸೋರಿ ಹೋಗುವುದು ಮಾತ್ರ ಉಂಟು.

ಸೋರುವುದು ಹೇಗೆಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು. ಎರೆಮಣ್ಣಿನ ಜೇಡಿ ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಕಾರ್ತಿಕ ಕಳೆಯುತ್ತಿದ್ದಂತೆ ನೆಲ ಬಿರಿಯತೊಡಗುತ್ತದೆ. ಮೊದಲು ಗೆರೆಯಂತೆ ಕಾಣುವ ಬಿರುಕು ಪುಷ್ಯದ ಹೊತ್ತಿಗೆ ಕೈ ತೂರುವಷ್ಟು ಅಗಲವಾಗಿ, ಮಾರುದ್ದದ ಕೋಲನ್ನೂ ಒಳಗೆ ಬಿಡಬಹುದೆಂಬಷ್ಟು ಆಳವಾಗುತ್ತದೆ. ಒಣಗಾಳಿ ಆ ಬಿರುಕಿನೊಳಗೆ ಇಳಿದು ಆಳದ ತೇವವನ್ನು ಎರಡೂ ಗೋಡೆಗಳಿಂದ ಹೀರುತ್ತದೆ. ಬಿರುಕಿನ ಬಾಯಲ್ಲಿ ಸಿಕ್ಕ ಬೇರುಗಳು ಹರಿಯುತ್ತವೆ. ಮೇಲಿನ ಮಣ್ಣು ಒಣಗಿದರೆ ಅಷ್ಟು ನಷ್ಟವಿಲ್ಲ. ಬೇರಿನ ಮಟ್ಟದ ಮಣ್ಣು ಒಣಗಿದರೆ ತೆನೆಯಲ್ಲಿ ಕಾಳು ತುಂಬುವುದಿಲ್ಲ.

ಇದಕ್ಕೆ ಅಲ್ಲಿಯ ರೈತರು ಕಂಡುಕೊಂಡ ಮದ್ದು ಎಡೆ ಹೊಡೆಯುವುದು. ಸಾಲುಗಳ ನಡುವೆ ಎಡೆಕುಂಟೆಯನ್ನು ಎಳೆದು ಮೇಲ್ಮಣ್ಣನ್ನು ಸಡಿಲಗೊಳಿಸುತ್ತಾರೆ. ಬಿತ್ತಿದ 3ನೆಯ ವಾರ ಒಮ್ಮೆ, 5ನೆಯ ವಾರ ಇನ್ನೊಮ್ಮೆ, 8ನೆಯ ವಾರದಲ್ಲಿ ಮತ್ತೊಮ್ಮೆ. ಈ ಕೊನೆಯದು ಮುಖ್ಯವಾಗಿ ಬಿರುಕು ಮುಚ್ಚುವುದಕ್ಕೆ. ಕುಂಟೆಯ ಕುಡ ಎಬ್ಬಿಸಿದ ಪುಡಿಮಣ್ಣು ಬಿರುಕಿನೊಳಗೆ ಉದುರಿ ಅದರ ಬಾಯಿ ಕಟ್ಟುತ್ತದೆ. ಮೇಲೆ ಉಳಿದ ಎರಡು ಮೂರು ಬೆರಳು ದಪ್ಪದ ಹುಡಿ, ಕೆಳಗಿನ ತೇವಕ್ಕೂ ಮೇಲಿನ ಗಾಳಿಗೂ ನಡುವೆ ಹೊದಿಕೆಯಾಗಿ ನಿಲ್ಲುತ್ತದೆ. ಕಳೆ ತೆಗೆಯುವುದಕ್ಕಾಗಿ ಎಡೆ ಹೊಡೆಯುತ್ತಾರೆಂದು ಹೊರಗಿನವರು ತಿಳಿಯುವುದುಂಟು. ಕಳೆಯೂ ಹೋಗುತ್ತದೆ, ನಿಜ. ಆದರೆ ಕಳೆಯೊಂದೂ ಇಲ್ಲದ ಹೊಲದಲ್ಲಿಯೂ ರೈತ ಕುಂಟೆ ಹೂಡುತ್ತಾನೆ. ಮುಚ್ಚಲು ಸೊಪ್ಪಿಲ್ಲದ ಕಡೆ ಅವನು ಮಣ್ಣನ್ನೇ ಮಣ್ಣಿಗೆ ಹೊದಿಸುತ್ತಾನೆ. ಇಡೀ ಒಣಬೇಸಾಯದಲ್ಲಿ ಇದಕ್ಕಿಂತ ಮಿತವ್ಯಯದ ಉಪಾಯ ಇನ್ನೊಂದಿಲ್ಲ.

1930ರ ದಶಕದಲ್ಲಿ ಸರ್ಕಾರವು ಒಣಬೇಸಾಯದ ಸಂಶೋಧನೆಗೆಂದು ದೇಶದ ಐದು ಕಡೆ ಕೇಂದ್ರಗಳನ್ನು ತೆರೆಯಿತು: ಸೊಲ್ಲಾಪುರ, ವಿಜಾಪುರ, ರಾಯಚೂರು, ಬಳ್ಳಾರಿ ಸೀಮೆಯ ಹಗರಿ, ಮತ್ತು ಉತ್ತರದ ರೋಹತಕ್. ಐದರಲ್ಲಿ ಮೂರು ಇಂದಿನ ಕರ್ನಾಟಕದೊಳಗೇ ಇವೆ. ಬದು ಹಾಕುವುದು, ಸಾಲುಗಳ ಅಂತರ ಹೆಚ್ಚಿಸುವುದು, ಪದೇ ಪದೇ ಎಡೆ ಹೊಡೆಯುವುದು ಮುಂತಾಗಿ ಆ ಕೇಂದ್ರಗಳು ಸಾರಿದ ಸಂಗತಿಗಳಲ್ಲಿ ಹಲವು ಮೊದಲೇ ಹೊಲದಲ್ಲಿದ್ದವು. ವಿಜ್ಞಾನಿಗಳು ಅವನ್ನು ಅಳೆದು, ತಿದ್ದಿ, ಕ್ರಮಕ್ಕೆ ತಂದರು. ಮಳೆಗಾಲದಲ್ಲಿ ಹೊಲವನ್ನು ಪುಟ್ಟ ಪುಟ್ಟ ಚೌಕುಮಡಿಗಳಾಗಿ ವಿಂಗಡಿಸಿ, ಬಿದ್ದ ನೀರು ಬಿದ್ದಲ್ಲಿಯೇ ಇಂಗುವಂತೆ ಮಾಡುವ ವಿಧಾನ ಈ ಭಾಗದಲ್ಲಿ ಇಂದಿಗೂ ನಡೆದಿದೆ. ಚಳಿಗಾಲದ ಆರೈಕೆ ಆರಂಭವಾಗುವುದು ಮಳೆಗಾಲದಲ್ಲಿ ಎಂಬುದಕ್ಕೆ ಇದು ಸಾಕ್ಷಿ.

ತೊಗರಿಯ ಸಂಗತಿ ಬೇರೆ. ಕಲಬುರಗಿಯ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆತದ್ದು ಪತ್ರಿಕೆಗಳಲ್ಲಿ ಬಂದಿತ್ತು. ಪತ್ರಿಕೆಗಳಲ್ಲಿ ಬಾರದ ಇನ್ನೊಂದು ಗುಣ ಅದಕ್ಕಿದೆ. ಕಾಯಿ ಬಲಿಯುತ್ತಿದ್ದಂತೆ ಅದು ತನ್ನ ಎಲೆಗಳನ್ನು ತಾನೇ ಬುಡಕ್ಕೆ ಉದುರಿಸುತ್ತ ಹೋಗುತ್ತದೆ. ಮಾರ್ಗಶಿರ ಪುಷ್ಯಗಳಲ್ಲಿ ತೊಗರಿ ಹೊಲದೊಳಗೆ ನಡೆದವರ ಕಾಲಡಿಯಲ್ಲಿ ಸರಸರ ಸದ್ದಾಗುವುದು ಈ ಎಲೆಗಳಿಂದ. ಬೇರಿನ ಗಂಟುಗಳಲ್ಲಿ ಸಾರಜನಕ, ಮೇಲೆ ಎಲೆಯ ಹಾಸು. ಮರುವರ್ಷದ ಜೋಳಕ್ಕೆ ಗೊಬ್ಬರದ ಅರ್ಧ ಕೆಲಸವನ್ನು ಹಿಂದಿನ ವರ್ಷದ ತೊಗರಿಯೇ ಮಾಡಿಟ್ಟಿರುತ್ತದೆ. ಆದರೆ ಒಂದು ಎಚ್ಚರ ಬೇಕು. 2022ರ ಚಳಿಗಾಲದಲ್ಲಿ ಕಲಬುರಗಿ ಜಿಲ್ಲೆಯ ತೊಗರಿಗೆ ನೆಟೆರೋಗ ತಗುಲಿ, ನಿಂತ ಬೆಳೆ ನಿಂತಲ್ಲಿಯೇ ಒಣಗಿತು. ಅಂಥ ರೋಗದ ಶಿಲೀಂಧ್ರ ಬೇರು, ಕೊಳೆ, ಕಸಗಳಲ್ಲಿ ವರ್ಷಗಟ್ಟಲೆ ಬದುಕಬಲ್ಲದು. ರೋಗ ಬಿದ್ದ ಗಿಡವನ್ನು ಬೇರುಸಹಿತ ಹೊರಸಾಗಿಸುವುದೇ ಲೇಸು. ಹೊದಿಕೆಯ ಉತ್ಸಾಹದಲ್ಲಿ ಅದನ್ನು ಹಿತ್ತಲಿಗೆ ಹೊತ್ತು ತರಬಾರದು.

ಜೋಳದ ಹೊಲದ ಅಂಚಿಗೆ ನಾಲ್ಕಾರು ಸಾಲು ಕುಸುಬೆ ಹಾಕುವ ರೂಢಿಯಿದೆ. ಕುಸುಬೆ ಬಲಿತಂತೆ ಮುಳ್ಳಾಗುತ್ತದೆ, ದನ ಒಳಗೆ ನುಗ್ಗುವುದಿಲ್ಲ. ತಂತಿಬೇಲಿಯ ಖರ್ಚಿಲ್ಲದೆ ಬೇಲಿಯೂ ಆಯಿತು, ಎಣ್ಣೆಯೂ ಆಯಿತು. ಕಡಲೆಗೆ ಒಂದು ತಿಂಗಳಾದಾಗ ಹೆಂಗಸರು ಅದರ ಕುಡಿ ಚಿವುಟುತ್ತಾರೆ. ಚಿವುಟಿದ ಕುಡಿ ಮನೆಗೆ ಪಲ್ಯವಾಗುತ್ತದೆ. ಗಿಡ ಮೇಲಕ್ಕೆ ಹೋಗುವುದನ್ನು ಬಿಟ್ಟು ಅಡ್ಡಕ್ಕೆ ಕವಲೊಡೆದು ತನ್ನ ಬುಡದ ನೆಲವನ್ನು ತಾನೇ ಮುಚ್ಚಿಕೊಳ್ಳುತ್ತದೆ. ಚಳಿಯ ರಾತ್ರಿಗಳಲ್ಲಿ ಕಡಲೆಗಿಡದ ಮೇಲೆ ತೆಳುವಾದ ಬಟ್ಟೆ ಹಾಸಿ, ಬೆಳಗಿನ ಜಾವ ಇಬ್ಬನಿಯಲ್ಲಿ ನೆನೆದ ಆ ಬಟ್ಟೆಯನ್ನು ಹಿಂಡಿ ಹುಳಿ ತೆಗೆಯುವ ಪದ್ಧತಿಯೂ ಇತ್ತು. ಹೊಟ್ಟೆನೋವಿಗೆ ಅದು ಮನೆಮದ್ದು. ಇಬ್ಬನಿಯನ್ನೂ ವ್ಯರ್ಥವಾಗಿ ಬಿಡದ ಜನ ಅವರು.

ಮಾರ್ಗಶಿರದ ಕೊನೆಗೆ ಬರುವ ಎಳ್ಳು ಅಮಾವಾಸ್ಯೆಯಂದು ಆ ಸೀಮೆಯ ಮನೆಗಳು ಹೊಲಕ್ಕೆ ಹೋಗುತ್ತವೆ. ಸಜ್ಜೆರೊಟ್ಟಿ, ಜೋಳದ ಕಡಬು, ಹಸಿ ಕಾಳು ಸೊಪ್ಪುಗಳನ್ನೆಲ್ಲ ಕೂಡಿಸಿ ಮಾಡಿದ ಭಜ್ಜಿ ಬುಟ್ಟಿಯಲ್ಲಿರುತ್ತವೆ. ಬೆಳೆಯ ನಡುವೆ ಪೂಜೆ ಮಾಡಿ, ಹೊಲದ ಸುತ್ತ ಚರಗ ಚೆಲ್ಲುತ್ತಾರೆ. ಮಲೆನಾಡಿನವರಿಗೆ ಇದು ಹೊಸತಲ್ಲ. ಆಶ್ವೀಜದ ಭೂಮಿ ಹುಣ್ಣಿಮೆಯಂದು ಶಿವಮೊಗ್ಗ, ಸಾಗರ, ತೀರ್ಥಹಳ್ಳಿಗಳ ಕಡೆ ಚಿತ್ತಾರದ ಭೂಮಣ್ಣಿ ಬುಟ್ಟಿಯಲ್ಲಿ ಸೊಪ್ಪುಗಳ ಅಡುಗೆಯನ್ನು ಹೊತ್ತು ಗದ್ದೆಗೆ ಹೋಗುವುದೂ ಇದೇ ಕೆಲಸಕ್ಕೆ. ಎರಡು ಹಬ್ಬಗಳ ನಡುವೆ ಎರಡೂವರೆ ತಿಂಗಳ ಅಂತರ. ಭತ್ತ ಗರ್ಭ ಕಟ್ಟುವುದು ಆಗ, ಜೋಳ ತೆನೆಗೆ ಬರುವುದು ಈಗ. ಹಬ್ಬ ಪಂಚಾಂಗವನ್ನು ಅನುಸರಿಸುವುದಾದರೂ ಬೆಳೆಯ ಬಸಿರನ್ನು ನೋಡಿಯೇ ಆಯಾ ಸೀಮೆ ತನ್ನ ದಿನವನ್ನು ಆರಿಸಿಕೊಂಡಂತಿದೆ.

ಇನ್ನು ಮನೆಯ ಹಿತ್ತಲು. ಚೌಡಾಪುರದಂಥ ಊರುಗಳಲ್ಲಿ ಹಿತ್ತಲೆಂದರೆ ಬಚ್ಚಲ ನೀರು ಹೋಗುವಷ್ಟು ಜಾಗ. ಅಲ್ಲೊಂದು ಕರಿಬೇವು, ನಿಂಬೆ, ಗೋಡೆಗೆ ಹಬ್ಬಿಸಿದ ಅವರೆ, ಒಂದು ಮಡಿ ಮೆಂತೆ, ಉಳ್ಳಾಗಡ್ಡಿ, ನಾಲ್ಕು ಬದನೆಗಿಡ. ಚಳಿಗಾಲದಲ್ಲಿ ಇಂಥ ತೋಟಕ್ಕೆ ನೀರು ಹೆಚ್ಚಾಗಿ ಕೆಡುವ ಸಂಭವವೇ ಹೆಚ್ಚು. ರಾತ್ರಿಯ ಉಷ್ಣಾಂಶ 15 ಡಿಗ್ರಿಯ ಆಸುಪಾಸಿಗೆ, ಕೆಲವು ದಿನ ಇನ್ನೂ ಕೆಳಕ್ಕೆ ಇಳಿಯುವಾಗ ಗಿಡ ಬೇಸಿಗೆಯಷ್ಟು ಕುಡಿಯುವುದಿಲ್ಲ. ಸಂಜೆ ಎಲೆಯ ಮೇಲೆ ನೀರು ಸುರಿದರೆ ಅದು ಇಬ್ಬನಿಯೊಡನೆ ಸೇರಿ ಬೆಳಗಿನವರೆಗೂ ಒಣಗದೆ ಎಲೆಚುಕ್ಕೆಗಳಿಗೆ ದಾರಿ ಮಾಡುತ್ತದೆ. ಬಿಸಿಲೇರಿದ ಮೇಲೆ ಬುಡಕ್ಕೆ ಮಾತ್ರ ನೀರು ಕೊಡುವುದು, ಬುಡದ ಸುತ್ತ ಜೋಳದ ರವದಿಯನ್ನೋ ತೊಗರಿಯ ಎಲೆಯನ್ನೋ ಗೇಣಿನಷ್ಟು ಅಗಲಕ್ಕೆ ಹಾಸುವುದು, ಕಾಂಡಕ್ಕೆ ಅದು ತಾಗದಂತೆ ನಾಲ್ಕು ಬೆರಳು ಬಿಡುವುದು, ಇಷ್ಟಾದರೆ ಸಾಕು. ಎಳೆಯ ಮಾವಿನ ಸಸಿಯ ಪಕ್ಕದಲ್ಲಿ ಒಂದು ಮಣ್ಣಿನ ಮಡಕೆಯನ್ನು ಕತ್ತಿನವರೆಗೆ ಹೂತು, ವಾರಕ್ಕೊಮ್ಮೆ ತುಂಬಿಸಿದರೆ ಅದು ಜಿನುಗುತ್ತ ಸಸಿಯನ್ನು ಸಾಕುತ್ತದೆ.

ಹುಲ್ಲುಹಾಸಿನ ವಿಷಯಕ್ಕೆ ಬರೋಣವೆಂದರೆ ಮೊದಲು ಒಂದು ವಿಚಿತ್ರವನ್ನು ಹೇಳಬೇಕು. ಮಲೆನಾಡಿನ ಗರಿಕೆಗೆ ಕಲಬುರಗಿಯ ಕಡೆ ಕರಿಕೆ ಎನ್ನುತ್ತಾರೆ. ಗಣಪತಿಗೆ ಪ್ರಿಯವಾದ ಅದೇ ಹುಲ್ಲು. ಎರೆಹೊಲದಲ್ಲಿ ಕರಿಕೆ ಹಬ್ಬಿತೆಂದರೆ ರೈತನಿಗೆ ಸಾಲ ಹಬ್ಬಿದಂತೆ. ಅದರ ಬೇರು, ನೆಲದೊಳಗಿನ ಗೆಣ್ಣುಗಳು ಮೊಣಕಾಲಾಳಕ್ಕೂ ಇಳಿಯುತ್ತವೆ; ಜೋಳಕ್ಕೆಂದು ಕೂಡಿಟ್ಟ ತೇವವನ್ನು ಮೊದಲು ಕುಡಿಯುವುದು ಅದೇ. ಬೇಸಿಗೆಯಲ್ಲಿ ಆಳು ಹಚ್ಚಿ ಆಳವಾಗಿ ಅಗೆಸಿ, ಗೆಣ್ಣು ಗೆಣ್ಣಾಗಿ ಆರಿಸಿ ತೆಗೆಸುತ್ತಿದ್ದರು. ಆ ಕೂಲಿ ಭರಿಸಲಾಗದವರು ಕಳೆನಾಶಕದ ಕಡೆ ತಿರುಗಿದರು. ಅದರಲ್ಲಿ ಹೆಚ್ಚು ಬಳಕೆಯ ಗ್ಲೈಫೋಸೇಟನ್ನು ತರಬೇತಾದ ಕೀಟನಿಯಂತ್ರಕರ ಮೂಲಕ ಮಾತ್ರ ಬಳಸಬೇಕೆಂದು ಕೇಂದ್ರ ಸರ್ಕಾರ 2022ರ ಅಕ್ಟೋಬರಿನಲ್ಲಿ ಆದೇಶ ಹೊರಡಿಸಿತು. ಹಳ್ಳಿಯಲ್ಲಿ ಹಣ ಕೊಟ್ಟು ಕೀಳಿಸುವ ಹುಲ್ಲನ್ನೇ ಪಟ್ಟಣದಲ್ಲಿ ಹಣ ಕೊಟ್ಟು ನೆಡಿಸುತ್ತಾರೆ. ಹುಲ್ಲಿನ ತಪ್ಪೇನೂ ಇದರಲ್ಲಿಲ್ಲ.

ಲೆಕ್ಕ ಮಾತ್ರ ನೋಡಬೇಕು. ಒಂದು ಚದರ ಮೀಟರಿನ ಮೇಲೆ ಒಂದು ಮಿ.ಮೀ. ನೀರೆಂದರೆ ಒಂದು ಲೀಟರು. ಒಣನಾಡಿನ ಚಳಿಗಾಲದಲ್ಲಿ ಹುಲ್ಲುಹಾಸನ್ನು ಹಸಿರಾಗಿಯೇ ಇಡಬೇಕೆಂದರೆ ದಿನಕ್ಕೆ ಸರಾಸರಿ 3 ಮಿ.ಮೀ. ಬೇಕೆಂದು ಹಿಡಿಯೋಣ. ಉದ್ದಗಲ ಹತ್ತು ಹತ್ತು ಮೀಟರಿನ ಸಣ್ಣ ಹಾಸಿಗೆ ಅದು ದಿನಕ್ಕೆ 300 ಲೀಟರಾಯಿತು. 2019ರಲ್ಲಿ ಆರಂಭವಾದ ಜಲ ಜೀವನ ಯೋಜನೆ ಹಳ್ಳಿಯ ಒಬ್ಬ ಮನುಷ್ಯನಿಗೆ ದಿನಕ್ಕೆ ಗೊತ್ತುಮಾಡಿದ್ದು 55 ಲೀಟರು. ಐದು ಜನರ ಕುಡಿಯುವ, ಅಡುಗೆಯ, ಸ್ನಾನದ ನೀರನ್ನು ಆ ಹುಲ್ಲು ಕುಡಿದು ಇನ್ನೂ ಮಿಗಿಸದು. ಅಫಜಲಪುರ, ಜೇವರ್ಗಿ ತಾಲೂಕುಗಳ ನದಿದಂಡೆಯ ಊರುಗಳು 2020ರ ಅಕ್ಟೋಬರಿನಲ್ಲಿ ಭೀಮಾ ಪ್ರವಾಹದಲ್ಲಿ ಮುಳುಗಿದ್ದನ್ನು ಕಂಡವರು, ಅದೇ ಸೀಮೆಯಲ್ಲಿ ಬೇಸಿಗೆಗೆ ನೀರಿನ ಟ್ಯಾಂಕರು ಕಾಯುವುದನ್ನೂ ಕಂಡಿದ್ದಾರೆ.

ಇದು ಬಯಲುಸೀಮೆಯ ಪಾಡು, ಬೆಟ್ಟದವರಿಗೇಕೆ ಎಂದು ಯಾರಾದರೂ ಕೇಳಬಹುದು. ಮಲೆನಾಡಿನ ಹೋಮ್‌ಸ್ಟೇಗಳ ಮುಂದೆ, ಅಂಗಳವಿದ್ದ ಕಡೆ, ನರ್ಸರಿಯಿಂದ ಚದರಡಿ ಲೆಕ್ಕದಲ್ಲಿ ತಂದ ಹುಲ್ಲು ಹಾಸುವುದು ಈಗ ಸಾಮಾನ್ಯವಾಗಿದೆ. ಸೆಗಣಿ ಸಾರಿಸಿದ ಅಂಗಳದಲ್ಲಿ ಅಡಕೆ ಒಣಗಬೇಕಾದ ತಿಂಗಳುಗಳಲ್ಲಿ ಪೈಪು ತಿರುಗುತ್ತಿರುತ್ತದೆ. ಆ ಪೈಪಿಗೆ ನೀರು ಬರುವುದು ಮೇಲಿನ ಝರಿಯಿಂದ. ಝರಿ ಬತ್ತುವುದು ಕೆಳಗಿನ ಕೇರಿಗೆ ಮೊದಲು ತಿಳಿಯುತ್ತದೆ.

ಈಗಾಗಲೇ ಹಾಸು ಹಾಕಿಕೊಂಡವರು ಅದನ್ನು ಕಿತ್ತೆಸೆಯಬೇಕೆಂದೇನೂ ಇಲ್ಲ. ಗರಿಕೆ ಬೆಚ್ಚಗಿನ ಕಾಲದ ಹುಲ್ಲು. ಚಳಿ ಹೆಚ್ಚಿದಂತೆ ಅದರ ಬೆಳವಣಿಗೆ ನಿಧಾನವಾಗಿ, ಬಣ್ಣ ಕಂದುತ್ತದೆ. ಅದು ಸಾವಲ್ಲ, ನಿದ್ರೆ. ನಿದ್ರಿಸುವ ಹುಲ್ಲಿಗೆ ಯೂರಿಯಾ ಹಾಕಿ ದಿನವೂ ನೀರುಣಿಸಿ ಎಬ್ಬಿಸುವ ಪ್ರಯತ್ನವೇ ಹಾಸು ಕೆಡುವುದಕ್ಕೆ ಕಾರಣ. ಮಾರ್ಗಶಿರದಿಂದ ಮಾಘದವರೆಗೆ ಅದನ್ನು ಎತ್ತರವಾಗಿಯೇ ಬಿಟ್ಟು, ಹತ್ತು ಹದಿನೈದು ದಿನಕ್ಕೊಮ್ಮೆ ಒಂದು ನೀರು ಕೊಟ್ಟರೆ ಬುಡ ಉಳಿಯುತ್ತದೆ. ಬಿಸಿಲು ತಿರುಗಿದ ಮೇಲೆ ಒಣಗಿದ ಪದರವನ್ನು ಕೆದಕಿ ತೆಗೆದು, ಜರಡಿ ಹಿಡಿದ ಗೊಬ್ಬರವನ್ನು ತೆಳುವಾಗಿ ಎರಚಿದರೆ ಮೊದಲ ಮಳೆಗೆ ತಾನೇ ಚಿಗುರುತ್ತದೆ. ನಡುವಿನ ಎರಡು ಮೂರು ತಿಂಗಳು ಹುಲ್ಲು ಕಂದಾಗಿರುವುದನ್ನು ನೋಡಲು ಕಣ್ಣು ಒಗ್ಗಬೇಕು.

ಸುಡುವ ವಿಷಯ ಇದಕ್ಕಿಂತ ಗಂಭೀರ. ಭೀಮೆಯ ನೀರು ಕಂಡ ಕಡೆಯಲ್ಲೆಲ್ಲ ಕಬ್ಬು ಬಂತು. ಕಬ್ಬು ಕಡಿಯುವುದೂ ಚಳಿಗಾಲದಲ್ಲಿಯೇ. ಒಂದು ಎಕರೆ ಕಬ್ಬು ಕಡಿದ ಮೇಲೆ ಸುಮಾರು 3ರಿಂದ 4 ಟನ್ ರವದಿ ನೆಲದ ಮೇಲೆ ಉಳಿಯುತ್ತದೆ. ಎಡೆಕುಂಟೆಯಿಂದ ಹುಡಿಮಣ್ಣಿನ ಹೊದಿಕೆ ಹೊದಿಸಿದ ಮನೆತನದವರೇ, ಹುಡುಕದೆ ಕಾಲಬುಡಕ್ಕೆ ಬಂದ ಈ ಹೊದಿಕೆಗೆ ಕಡ್ಡಿ ಗೀರುತ್ತಾರೆ. ಕೂಳೆ ಬೇಗ ಚಿಗುರಬೇಕು, ಆಳು ಸಿಗುವುದಿಲ್ಲ, ಕೀಟ ಸಾಯುತ್ತದೆ ಎಂಬ ಕಾರಣಗಳನ್ನು ಹೇಳುತ್ತಾರೆ. ಆಳಿನ ಕೊರತೆಯಂತೂ ಸುಳ್ಳಲ್ಲ. ಒಂದು ಸಾಲು ಬಿಟ್ಟು ಒಂದು ಸಾಲಿಗೆ ರವದಿ ಎಳೆದು, ಖಾಲಿ ಸಾಲಿನಲ್ಲಿ ನೀರು ಹಾಯಿಸುವ ಕ್ರಮವನ್ನು ಅನುಸರಿಸಿದ ಹೊಲಗಳಲ್ಲಿ ನೀರಿನ ಸರದಿ ದೂರವಾಗುತ್ತದೆ, ಎರೆಹುಳು ಮರಳುತ್ತದೆ. ಪಟ್ಟಣಗಳಲ್ಲಿ ಎಲೆಯ ಗುಡ್ಡೆಗೆ ಬೆಂಕಿಯಿಡುವ ಪೌರರ ಮಟ್ಟಿಗೆ ಕಾನೂನೇ ಇದೆ: ಬಯಲಲ್ಲಿ ಕಸ ಸುಡುವವರಿಗೆ 5,000 ರೂಪಾಯಿ, ಭಾರೀ ಪ್ರಮಾಣದಲ್ಲಿ ಸುಟ್ಟರೆ 25,000 ರೂಪಾಯಿ ದಂಡವೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಡಿಸೆಂಬರಿನಲ್ಲಿ ಆದೇಶಿಸಿತು. ದಂಡ ಕಟ್ಟಿದವರನ್ನು ಕಾಣುವುದು ಅಪರೂಪ.

ಮಲೆನಾಡಿನವರು ಎಲೆಯನ್ನು ಸುಡುವುದಿಲ್ಲ, ಹೊರುತ್ತಾರೆ ಎಂಬುದು ಹೆಮ್ಮೆಯ ಮಾತು. ಶಿರಸಿ ಸೀಮೆಯಲ್ಲಿ ಅಡಕೆ ತೋಟದ ಒಂದು ಎಕರೆಗೆ 9 ಎಕರೆಯವರೆಗೆ ಸೊಪ್ಪಿನಬೆಟ್ಟದ ಹಕ್ಕು ಬ್ರಿಟಿಷರ ಕಾಲದಿಂದ ನಡೆದುಬಂದಿದೆ. ಚಳಿಗಾಲ ಮುಗಿಯುತ್ತ ಬೆಟ್ಟದಲ್ಲಿ ದರಕು ಗುಡಿಸಿ, ಕೊಟ್ಟಿಗೆಗೆ ಹಾಸಿ, ಗೊಬ್ಬರವಾಗಿಸಿ ತೋಟಕ್ಕೆ ಮುಚ್ಚಿಗೆ ಹಾಕುತ್ತಾರೆ. ತೋಟ ತಂಪಾಗಿರುತ್ತದೆ. ಆದರೆ ಬೆಟ್ಟ? ಅಲ್ಲಿ ಬಿದ್ದ ದರಕು ಬೆಟ್ಟದ ಹೊದಿಕೆಯಲ್ಲವೇ? ಕಡ್ಡಿಯೂ ಉಳಿಯದಂತೆ ಗುಡಿಸಿದ ಬೆಟ್ಟದಲ್ಲಿ ಮೊದಲ ಮಳೆಗೆ ಮಣ್ಣು ಕೊಚ್ಚಿಹೋಗುತ್ತದೆ, ಬಿದ್ದ ಬೀಜ ಮೊಳೆಯುವುದಿಲ್ಲ, ನೀರು ಇಂಗುವುದಿಲ್ಲ. ಕೆಳಗಿನ ಝರಿ ಫಾಲ್ಗುಣಕ್ಕೇ ಸೊರಗುತ್ತದೆ. ಚೌಡಾಪುರದ ರೈತ ತನ್ನ ಹೊಲವನ್ನು ಮುಚ್ಚಲು ಇನ್ನೊಂದು ನೆಲವನ್ನು ಬರಿದು ಮಾಡುವುದಿಲ್ಲ; ಮಾಡಲು ಅವನಿಗೆ ಬೇರೆ ನೆಲವೇ ಇಲ್ಲ. ಬೆಟ್ಟವಿರುವವರಿಗೆ ಆ ಕಟ್ಟುಪಾಡಿಲ್ಲದಿರುವುದರಿಂದ, ಅದನ್ನು ತಾವೇ ಹಾಕಿಕೊಳ್ಳಬೇಕಾಗಿದೆ. ಬೆಟ್ಟವನ್ನು ಮೂರು ಪಾಲು ಮಾಡಿ, ವರ್ಷಕ್ಕೊಂದು ಪಾಲಿನಲ್ಲಿ ಮಾತ್ರ ದರಕು ಗುಡಿಸುವುದು. ಇಳಿಜಾರು ಹೆಚ್ಚಿರುವ ಕಡೆ, ಝರಿಯ ತಲೆಯ ಕಡೆ ಪೊರಕೆ ಹಾಕದಿರುವುದು. ಅಡಕೆಯ ಸೋಗೆ, ಹಾಳೆ, ಬಾಳೆಯ ದಿಂಡುಗಳನ್ನು ತೋಟದಲ್ಲೇ ಕತ್ತರಿಸಿ ಹಾಸುವುದು. ಕೊನೆಯದನ್ನು ಮಾಡಿದರೆ ಬೆಟ್ಟದ ಮೇಲಿನ ಹೊರೆ ತಾನಾಗಿ ಇಳಿಯುತ್ತದೆ.

ಹಾಗೆಂದು ಬಯಲಿನವರ ಪದ್ಧತಿಯಲ್ಲಿ ಕೊರತೆಯಿಲ್ಲವೆಂದಲ್ಲ. ಮಾಘ ಫಾಲ್ಗುಣಗಳಲ್ಲಿ ಜೋಳವನ್ನು ಕೊಯ್ಯದೆ ಬೇರುಸಹಿತ ಕೀಳುತ್ತಾರೆ. ದನಕ್ಕೆ ಕಣಿಕೆ ಬೇಕು, ಗೇಣುದ್ದ ಉಳಿದರೂ ನಷ್ಟವೆಂಬ ಲೆಕ್ಕ. ಅದರಿಂದ ನೆಲಕ್ಕೆ ಮರಳುವುದು ಬಹಳ ಕಡಿಮೆ. ದನ ಮನೆಯಲ್ಲಿದ್ದಷ್ಟು ಕಾಲ ಕಣಿಕೆ ಗೊಬ್ಬರವಾಗಿ ಹೊಲಕ್ಕೆ ಬರುತ್ತಿತ್ತು. ಟ್ರ್ಯಾಕ್ಟರು ಬಂದು ಎತ್ತು ಹೋದ ಮನೆಗಳಲ್ಲಿ ಕಣಿಕೆಯೂ ಮಾರಾಟವಾಗಿ ಊರು ಬಿಡುತ್ತದೆ, ಹೊಲಕ್ಕೆ ಬರುವುದು ಚೀಲದ ಗೊಬ್ಬರ ಮಾತ್ರ. ಎತ್ತಿನ ಎಡೆಕುಂಟೆಯೂ ಅಟ್ಟ ಸೇರುತ್ತಿದೆ. ಆಳೆತ್ತರದ ಜೋಳದ ಸಾಲುಗಳ ನಡುವೆ 8ನೆಯ ವಾರ ಟ್ರ್ಯಾಕ್ಟರು ಹೋಗಲಾರದು.

ಜೋಳ ಕಿತ್ತ ಹೊಲದಲ್ಲಿ ಆ ಹೊತ್ತಿಗೆ ಬದುವಿನ ಬೇವುಗಳು ಎಲೆ ಉದುರಿಸತೊಡಗಿರುತ್ತವೆ. ಹಳದಿಯಾದ ಆ ಎಲೆಗಳನ್ನು ಊರಿನೊಳಗೆ ಬೆಳಗ್ಗೆ ಗುಡಿಸಿ ಗುಡ್ಡೆ ಮಾಡುತ್ತಾರೆ. ಕೆಲವು ಮನೆಗಳಲ್ಲಿ ಅವು ಕಾಳಿನ ಡಬ್ಬಿಗೆ ಹುಳು ಬೀಳದಂತೆ ಹೋಗುತ್ತವೆ, ಕೆಲವು ಮನೆಗಳಲ್ಲಿ ತಿಪ್ಪೆಗೆ. ಉಳಿದ ಗುಡ್ಡೆಗಳಿಂದ ಏಳುವ ಹೊಗೆ ಬಿಸಿಲೇರುವವರೆಗೂ ಬೀದಿಯ ಮೇಲೆಯೇ ನಿಂತಿರುತ್ತದೆ.